ಗುಮ್ಮಡಿಕಾಯಿಯೊಳಗಿನ ಗುಮ್ಮ

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರಾದ ನಾವು ನವೆಂಬರ್ ತಿಂಗಳು ಬಂದೊಡನೆ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಿಕೊಳ್ಳುತ್ತೇವೆ: ನಮ್ಮ ಮಕ್ಕಳ ಬಾಯಲ್ಲಿ ಕನ್ನಡ ಉಳಿದೀತೆ? ಪ್ರಶ್ನೆಯನ್ನು ವೇದಿಕೆಯ ಮೇಲೆ ಕೇಳಿ, ವೇದಿಕೆಯ ಮೇಲೆಯೇ ಉತ್ತರಿಸಿ, ಉಪಾಹಾರ ಮುಗಿಸಿ ಮನೆಗೆ ಮರಳುತ್ತೇವೆ. ಯಾರನ್ನೂ ಹೀಯಾಳಿಸಲು ಈ ಮಾತನ್ನು ಹೇಳುತ್ತಿಲ್ಲ. ಹಾಗೆ ಮರಳಿದವರಲ್ಲಿ ನಾನೂ ಒಬ್ಬ. 2024ರ ಶರದೃತುವಿನಲ್ಲಿ ಮಾತ್ರ ಈ ಪ್ರಶ್ನೆ ವೇದಿಕೆಯಿಂದಿಳಿದು ನನ್ನ ತೊಡೆಯ ಮೇಲೆ ಬಂದು ಕುಳಿತಿತು. ತಂದು ಕೂರಿಸಿದವಳು ಎರಡೂವರೆ ವರ್ಷದ ನನ್ನ ಮೊಮ್ಮಗಳು.

ನನ್ನದು ತೀರ್ಥಹಳ್ಳಿಯ ಕಡೆಯ ಊರು. ಕೇಂದ್ರ ಸರ್ಕಾರದ ಸೇವೆ ನನ್ನನ್ನು ಊರೂರು ಅಲೆಸಿ ವಿಶಾಖಪಟ್ಟಣಕ್ಕೆ ತಂದು ನಿಲ್ಲಿಸಿತು. ಮಗಳು ಇಲ್ಲಿಯೇ ಓದಿ, ಗುಂಟೂರು ಕಡೆಯ ತೆಲುಗು ಹುಡುಗನನ್ನು ಮೆಚ್ಚಿ ಮದುವೆಯಾಗಿ, ವಿಜಯವಾಡದಲ್ಲಿ ಸಂಸಾರ ಹೂಡಿದ್ದಾಳೆ. 2024ರ ಸೆಪ್ಟೆಂಬರ್ ಮೊದಲಲ್ಲಿ ಬುಡಮೇರು ಉಕ್ಕಿ ಹರಿದು ವಿಜಯವಾಡದ ಬಡಾವಣೆಗಳು ದಿನಗಟ್ಟಲೆ ನೀರಿನಲ್ಲಿ ನಿಂತಾಗ, ಮಗಳು ಮಗುವನ್ನೆತ್ತಿಕೊಂಡು ನಮ್ಮಲ್ಲಿಗೆ ಬಂದಳು. ನಾಲ್ಕು ವಾರ ಇದ್ದಳು. ನಾನು ಹೇಳಹೊರಟ ಸಂಗತಿ ಆ ನಾಲ್ಕು ವಾರಗಳಲ್ಲಿ ಆರಂಭವಾಯಿತು.

ಮಗುವಿಗೆ ಸಂಜೆಯಾದರೆ ಪುಸ್ತಕ ಬೇಕು. ಗಡಿಬಿಡಿಯಲ್ಲಿ ಬಂದವರ ಚೀಲದಲ್ಲಿ ಇದ್ದದ್ದು ಎರಡೇ ಇಂಗ್ಲಿಷ್ ಪುಸ್ತಕಗಳು; ದಪ್ಪ ರಟ್ಟಿನ ಹಾಳೆ, ಒಂದರ ತುಂಬ ನಗುವ ಕುಂಬಳಕಾಯಿಗಳು. ನಾನು ಅಟ್ಟದ ಮೇಲಿನ ಪೆಟ್ಟಿಗೆಯನ್ನು ಇಳಿಸಿದೆ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ಈ ನಗರದ ಮೇಲೆ ಎರಗಿದ ದಿನ ನಮ್ಮ ಕಿಟಕಿಗಳು ಒಡೆದು, ನನ್ನ ಕನ್ನಡ ಪುಸ್ತಕಗಳಲ್ಲಿ ಮುಕ್ಕಾಲು ಪಾಲು ನೆನೆದು ಮುದ್ದೆಯಾಗಿದ್ದವು. ಉಳಿದವುಗಳಲ್ಲಿ ಹಳೆಯ ‘ಚಂದಮಾಮ’ದ ಕೆಲವು ಸಂಚಿಕೆಗಳೂ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯೂ ಇದ್ದವು. ಪುಸ್ತಕವನ್ನು ಮಗಳ ಕೈಗೆ ಕೊಟ್ಟೆ. ಅವಳು ಪುಟ ತಿರುವಿ, ನಗುತ್ತಲೇ ಹೇಳಿದಳು: “ಅಪ್ಪ, ಚಿತ್ರ ನೋಡಿಕೊಂಡು ನಾನೇ ಏನಾದರೂ ಕಥೆ ಕಟ್ಟಿ ಹೇಳ್ತೀನಿ. ನನಗೆ ಓದೋಕೆ ಬರಲ್ಲವಲ್ಲ.”

ಅವಳು ದೂರಿನ ದನಿಯಲ್ಲಿ ಹೇಳಲಿಲ್ಲ. ಆದುದರಿಂದಲೇ ಆ ಮಾತು ಹೆಚ್ಚು ನಾಟಿತು. ಮಗಳು ಕನ್ನಡವನ್ನು ಚೆನ್ನಾಗಿ ಮಾತನಾಡುತ್ತಾಳೆ. ಅದನ್ನು ಸಂಘದಲ್ಲಿ ಹೆಮ್ಮೆಯಿಂದ ಹೇಳಿಕೊಂಡವನು ನಾನೇ. ಅಕ್ಷರ ಕಲಿಸುವುದನ್ನು ಮಾತ್ರ ಮುಂದಿನ ಬೇಸಿಗೆ ರಜೆಗೆ, ಮುಂದಿನ ವರ್ಗಾವಣೆಯ ನಂತರಕ್ಕೆ ಎಂದು ಮುಂದೂಡುತ್ತ ಬಂದೆ. ವರ್ಗಾವಣೆಯನ್ನು ದೂರುವುದು ಸುಲಭ. ಆದರೆ ದಿನಕ್ಕೆ ಕಾಲು ಗಂಟೆ ಬಿಡುವಿಲ್ಲದಷ್ಟು ಕಡತಗಳನ್ನು ಯಾವ ಇಲಾಖೆಯೂ ಮನೆಗೆ ಕಳಿಸಲಿಲ್ಲ. ಓದಲು ಬಾರದ ತಾಯಿ ಮಗುವಿಗೆ ಓದಿ ಹೇಳಲಾರಳು. ಹೀಗೆ ನನ್ನ ಸೋಮಾರಿತನ ಒಂದು ತಲೆಮಾರನ್ನು ದಾಟಿ ಎರಡನೆಯದಕ್ಕೆ ಕಾಲಿಟ್ಟಿತ್ತು.

ಪರಿಹಾರ ಕಂಡದ್ದು ನಾವು ನಿಂತ ನೆಲದಲ್ಲಿಯೇ. ಮಗಳಿಗೆ ತೆಲುಗು ಓದಲು ಬರುತ್ತದೆ. ಕನ್ನಡ ಮತ್ತು ತೆಲುಗು ಬಹುಕಾಲ ಒಂದೇ ಲಿಪಿಯನ್ನು ಹಂಚಿಕೊಂಡಿದ್ದವು. ಲಿಪಿತಜ್ಞರು ಅದನ್ನು ಕನ್ನಡ-ತೆಲುಗು ಲಿಪಿಯೆಂದೇ ಕರೆಯುತ್ತಾರೆ. ಗ, ನ, ರ, ಲ, ಬ ಮೊದಲಾದ ಅಕ್ಷರಗಳಲ್ಲಿ ಇಂದಿಗೂ ತಲೆಕಟ್ಟಿನ ವ್ಯತ್ಯಾಸವೇ ಮುಖ್ಯ. ಕ, ತ, ಚ ಸ್ವಲ್ಪ ಸತಾಯಿಸುತ್ತವೆ. ಊಟದ ಮೇಜಿನ ಮೇಲೆ ಎರಡು ಲಿಪಿಗಳನ್ನು ಅಕ್ಕಪಕ್ಕ ಬರೆದಿಟ್ಟೆವು. ಹತ್ತು ದಿನಗಳಲ್ಲಿ ಮಗಳು ತಡವರಿಸುತ್ತ ಓದತೊಡಗಿದಳು. ಮೂರನೆಯ ವಾರದಲ್ಲಿ ತಡವರಿಕೆ ಕಡಿಮೆಯಾಯಿತು. ಇಪ್ಪತ್ತು ವರ್ಷ ಮುಂದೂಡಿದ ಕೆಲಸ ಇಪ್ಪತ್ತು ದಿನದ್ದಾಗಿತ್ತು. ಆಂಧ್ರ ಮತ್ತು ತೆಲಂಗಾಣಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಅನುಕೂಲ ಬೇರೆ ಯಾವ ಹೊರನಾಡಿನವರಿಗೂ ಇಲ್ಲ. ಅದನ್ನು ನಾವು ಎಷ್ಟು ಮಂದಿ ಬಳಸಿಕೊಂಡಿದ್ದೇವೆ?

ಇನ್ನು ಮಗು. ಎರಡೂವರೆ ವರ್ಷದ ಮಗುವಿಗೆ ಓದುವುದೆಂದರೆ ಒಂದೇ ಪುಟವನ್ನು ನಲವತ್ತು ಸಲ ಓದುವುದು. ಇಲಿಗಳು ಬರುವ ಪುಟ ಬಂದೊಡನೆ ಅವಳು ನನ್ನ ಕನ್ನಡಕ ಹಿಡಿದು ಜಗ್ಗುತ್ತಿದ್ದಳು. ಮೊದಲ ವಾರ ಇಲಿ ಅವಳಿಗೆ ‘ಎಲುಕ’ವೇ ಆಗಿತ್ತು, ಎರಡನೆಯ ವಾರ ಒಮ್ಮೆ ಇಲಿ, ಒಮ್ಮೆ ಎಲುಕ, ಕೊನೆಗೆ ನನ್ನ ಬಳಿ ಇಲಿ, ತನ್ನ ಅಪ್ಪನೊಡನೆ ದೂರವಾಣಿಯಲ್ಲಿ ಎಲುಕ. ಯಾರೂ ಪಾಠ ಹೇಳಲಿಲ್ಲ. ಅಳಿಯ ರಾತ್ರಿ ದೂರವಾಣಿಯಲ್ಲಿ ತೆಲುಗು ಕಥೆ ಹೇಳುತ್ತಿದ್ದರು. ಅದರಿಂದ ಕನ್ನಡಕ್ಕೆ ಕುಂದೇನೂ ಬರಲಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ, ಶೈಶವದಿಂದಲೇ ಮಗುವಿಗೆ ಗಟ್ಟಿಯಾಗಿ ಓದಿ ಹೇಳುವಂತೆ ಪೋಷಕರಿಗೆ ತಿಳಿಸಬೇಕೆಂದು ತನ್ನ ವೈದ್ಯರಿಗೆ ಸೂಚಿಸಿತು. ನಮ್ಮ ಅಜ್ಜಿಯರು ಇದನ್ನು ಪುಸ್ತಕವಿಲ್ಲದೆಯೇ ನಡೆಸುತ್ತಿದ್ದರು. ಅಜ್ಜಿಯರು ಊರಲ್ಲಿ ಉಳಿದರು, ನಾವು ಹೊರಟುಬಂದೆವು. ಅವರ ಜಾಗವನ್ನು ಇಲ್ಲಿ ಪುಸ್ತಕ ತುಂಬಬೇಕಾಗಿದೆ.

ದಸರೆಗೆ ನಾವೇ ವಿಜಯವಾಡಕ್ಕೆ ಹೋದೆವು. ಇಂದ್ರಕೀಲಾದ್ರಿಯ ಕನಕದುರ್ಗೆಗೆ ನವರಾತ್ರಿಯಲ್ಲಿ ದಿನಕ್ಕೊಂದು ಅಲಂಕಾರ. ಮೂಲಾ ನಕ್ಷತ್ರದ ದಿನ ಅಮ್ಮನವರು ಸರಸ್ವತಿಯಾಗುತ್ತಾರೆ. ಬೆಟ್ಟದ ಮೇಲೆ ಅಂದಿನಷ್ಟು ಜನ ಉಳಿದ ದಿನಗಳಲ್ಲಿ ಸೇರುವುದು ಕಡಿಮೆ. ನಾವು ಮನೆಯಲ್ಲಿಯೇ ಪುಸ್ತಕಗಳನ್ನಿಟ್ಟು ಪೂಜೆ ಮಾಡಿದೆವು. ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ಓದಬಾರದೆಂಬುದು ನಮ್ಮ ಮನೆಯ ವಾಡಿಕೆ. ಮಗು ಅರಿಸಿನ ಕುಂಕುಮದ ನಡುವೆ ಕೈ ಹಾಕಿ ಕಿಂದರಿಜೋಗಿಯನ್ನು ಎಳೆದುಕೊಂಡು “ಅಜ್ಜ, ಇಲಿ” ಎಂದಿತು. ನನ್ನ ಪತ್ನಿ ಬೇಡವೆನ್ನುವಷ್ಟರಲ್ಲಿ ನಾನು ಓದಲು ಕುಳಿತಿದ್ದೆ. ಕನ್ನಡ ಪುಸ್ತಕಗಳನ್ನು ನಾವು ಹೊರನಾಡಿಗರು ವರ್ಷವಿಡೀ ಪೂಜೆಗಿಟ್ಟಂತೆಯೇ ಇಟ್ಟಿದ್ದೇವೆ. ಒಂದು ದಿನದ ನಿಯಮ ಮುರಿದರೆ ಶಾರದೆ ಮುನಿಯಲಾರಳು ಎಂದುಕೊಂಡೆ.

ಅಕ್ಟೋಬರ್ ಕೊನೆಯಲ್ಲಿ ಮಗುವಿನ ಶಿಶುವಿಹಾರದಿಂದ ಸೂಚನೆ ಬಂತು: ಹ್ಯಾಲೋವೀನ್ ಆಚರಣೆ, ಮಕ್ಕಳು ಭೂತದ ವೇಷ ಹಾಕಿಕೊಂಡು ಬರಬೇಕು. ಇದನ್ನು ಸಂಘದ ಹಿರಿಯರೊಬ್ಬರಿಗೆ ಹೇಳಿದಾಗ ಅವರು ಕೆಂಡವಾದರು. ರಾಜ್ಯೋತ್ಸವದ ಹಿಂದಿನ ದಿನ ಅಮೆರಿಕದ ದೆವ್ವವೇ? ನಮ್ಮ ಮಕ್ಕಳನ್ನು ಕಳಿಸಬಾರದೆಂದು ಠರಾವು ಮಾಡೋಣ ಎಂದರು. ಅವರ ನೋವು ಸಾಚಾ. ಪೇಟೆಯಲ್ಲಿ ಪ್ಲಾಸ್ಟಿಕ್ ಕೊಂಬು, ಪ್ಲಾಸ್ಟಿಕ್ ಕೋರೆಹಲ್ಲು ಮಾರುವವರಿಗೆ ಯಾವ ಹಬ್ಬವಾದರೂ ಒಂದೇ ಎಂಬುದನ್ನೂ ನಾನು ಬಲ್ಲೆ. ಆದರೂ ಠರಾವಿಗೆ ನನ್ನ ಒಪ್ಪಿಗೆಯಿಲ್ಲ. ಕಾರಣಗಳನ್ನು ಓದುಗರ ಮುಂದಿಡುತ್ತೇನೆ.

ಮೊದಲನೆಯದಾಗಿ, ಹ್ಯಾಲೋವೀನ್ ಅಮೆರಿಕದಲ್ಲಿ ಹುಟ್ಟಿದ ಹಬ್ಬವಲ್ಲ, ಅಲ್ಲಿಗೆ ವಲಸೆ ಹೋದ ಹಬ್ಬ. ಐರ್ಲೆಂಡ್, ಸ್ಕಾಟ್ಲೆಂಡ್‌ಗಳ ಜನ ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ರಾತ್ರಿ ಸತ್ತವರು ಮನೆಗೆ ಬರುತ್ತಾರೆಂದು ನಂಬಿದ್ದರು. ಗೆಡ್ಡೆಗಳನ್ನು ಕೊರೆದು ದೀಪವಿಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಹಸಿವಿನಿಂದ ಕಂಗೆಟ್ಟು ಕಡಲು ದಾಟಿದವರು ಹೊಸ ನಾಡಿನಲ್ಲಿ ಕುಂಬಳಕಾಯಿಯನ್ನು ಕಂಡರು. ಅದು ದೊಡ್ಡದು, ಕೊರೆಯಲು ಸುಲಭ. ಗೆಡ್ಡೆಯ ಜಾಗಕ್ಕೆ ಕುಂಬಳಕಾಯಿ ಬಂತು. ಅಂದರೆ ಇದು ನಮ್ಮಂಥ ಹೊರನಾಡಿಗರೇ ಉಳಿಸಿಕೊಂಡ ಹಬ್ಬ. ಹೇಗೆ ಉಳಿಯಿತು ಎಂದು ಕೇಳಿದರೆ ನನಗೆ ತೋರುವ ಉತ್ತರವಿದು: ಅವರು ಅದನ್ನು ಮಕ್ಕಳ ಕೈಗೆ ಆಟವಾಗಿ ಕೊಟ್ಟರು.

ಎರಡನೆಯದಾಗಿ, ಇದರಲ್ಲಿ ನಮಗೆ ಅಪರಿಚಿತವಾದದ್ದು ಬಹಳವಿಲ್ಲ. ಮಹಾಲಯ ಅಮಾವಾಸ್ಯೆಯಂದು ನಾವೂ ಸತ್ತವರಿಗೆ ಎಡೆಯಿಡುತ್ತೇವೆ. ದೀಪಾವಳಿಗೆ ಬಲೀಂದ್ರ ಪಾತಾಳದಿಂದ ಎದ್ದು ಬರುತ್ತಾನೆ. ಆಯುಧಪೂಜೆಗೆ ಬೂದುಗುಂಬಳ ಒಡೆಯುತ್ತೇವೆ; ಇಲ್ಲಿನವರು ಅದನ್ನೇ ಬಾಗಿಲ ಮೇಲೆ ದೃಷ್ಟಿಗೆಂದು ತೂಗುಹಾಕುತ್ತಾರೆ. ಮನೆಮನೆಗೆ ತಿರುಗಿ ತಿಂಡಿ ಕೇಳುವುದೂ ನಮ್ಮಲ್ಲುಂಟು. ನಮ್ಮ ಬೀಗರು ಹೇಳುವಂತೆ, ಅವರ ಬಾಲ್ಯದಲ್ಲಿ ದಸರೆಯ ದಿನಗಳಂದು ಹುಡುಗರು ಹೂ ತುಂಬಿದ ಬಿಲ್ಲು ಹಿಡಿದು, ಮೇಷ್ಟರ ಹಿಂದೆ ಪದ್ಯ ಹಾಡುತ್ತ ಮನೆಗಳಿಗೆ ಹೋಗುತ್ತಿದ್ದರು. ಮೇಷ್ಟರಿಗೆ ಕಾಸು, ಹುಡುಗರಿಗೆ ಹುರಿಗಡಲೆ ಬೆಲ್ಲ. ನಾನು ಹೇಳಿದ್ದು ನಮ್ಮ ಮಲೆನಾಡಿನ ಅಂಟಿಗೆ-ಪಂಟಿಗೆಯನ್ನು. ದೀಪಾವಳಿಯ ಕತ್ತಲಲ್ಲಿ ದೂರದ ಗದ್ದೆಯ ಅಂಚಿನಲ್ಲಿ ಒಂದು ದೀಪ, ಹತ್ತಿರವಾಗುವ ಹಾಡು, ಆಮೇಲೆ ಮುಚ್ಚಿದ ಬಾಗಿಲ ಮುಂದೆ ಬಾಗಿಲು ತೆರೆಸುವ ಹಾಡು. ಅಮ್ಮ ಎಣ್ಣೆ, ಅಕ್ಕಿ, ಕಾಸು ಕೊಡುತ್ತಿದ್ದರು. ನಾನು ಅವಳ ಸೀರೆಯ ಮರೆಯಲ್ಲಿ ಹೆದರಿ ನಿಂತು, ನಾಳೆಯೂ ಬರಲಿ ಎಂದು ಹಾರೈಸುತ್ತಿದ್ದೆ. ಇದನ್ನು ನನ್ನ ಮಗಳಿಗೆ ನಾನು ಎಂದೂ ಹೇಳಿರಲಿಲ್ಲ. ಬೀಗರ ಮುಂದೆ ಹೇಳುವಾಗ ಅವಳು ಮೊದಲ ಬಾರಿಗೆ ಕೇಳಿದಳು.

ನಾವು ಹೇಳದೆ ಬಿಟ್ಟ ಜಾಗದಲ್ಲಿ ಮತ್ತೊಬ್ಬರ ಕಥೆ ಬಂದು ಕೂರುತ್ತದೆ. ಅದು ಆ ಕಥೆಯ ತಪ್ಪಲ್ಲ. 1990ರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ಹಲವರಿಗೆ ನೆನಪಿರಬಹುದು. ರಾತ್ರಿ ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ಮರಳುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ ಎಂಬ ವದಂತಿ. ತೆಲುಗು ನಾಡಿನ ಬಾಗಿಲುಗಳ ಮೇಲೂ ‘ರೇಪು ರಾ’ ಎಂಬ ಬರಹವಿತ್ತು. ನಮ್ಮ ದೆವ್ವಕ್ಕೂ ಕನ್ನಡ ಓದಲು ಬರುತ್ತಿತ್ತು; ನಮ್ಮ ಮಕ್ಕಳಿಗೆ ಬರಲಿಲ್ಲ. ನಗುವ ಮಾತೇ ಹೌದು, ಆದರೆ ಅಕ್ಷರ ಕಲಿಸುವ ಕೆಲಸಕ್ಕೆ ನಾವೂ ಅದೇ ಫಲಕ ತೂಗುಹಾಕಿದ್ದೆವಲ್ಲವೆ?

ಮೂರನೆಯದಾಗಿ, ಹೊರಗಿನದನ್ನು ತಡೆಯುವುದಕ್ಕಿಂತ ತನ್ನದಾಗಿಸಿಕೊಳ್ಳುವುದು ಕನ್ನಡದ ದಾರಿ. ಕಿಂದರಿಜೋಗಿಯೇ ಸಾಕ್ಷಿ. ಜರ್ಮನಿಯ ಹ್ಯಾಮಲಿನ್ ಊರಿನ ಐತಿಹ್ಯ. ರಾಬರ್ಟ್ ಬ್ರೌನಿಂಗ್ 1842ರಲ್ಲಿ ಇಂಗ್ಲಿಷಿನಲ್ಲಿ ಹಾಡಿದರು. ಕುವೆಂಪು ಅದನ್ನು ತುಂಗೆಯ ದಡದ ಬೊಮ್ಮನಹಳ್ಳಿಗೆ ತಂದರು. ಇಂದು ಅದು ಪರದೇಶದ ಕಥೆಯೆಂದು ಯಾವ ಕನ್ನಡ ಮಗುವಿಗೂ ಅನ್ನಿಸುವುದಿಲ್ಲ. ‘ಚಂದಮಾಮ’ವನ್ನೂ ನೆನೆಯಿರಿ. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಎಂಬ ತೆಲುಗರು 1947ರಲ್ಲಿ ಮದರಾಸಿನಲ್ಲಿ ಆರಂಭಿಸಿದ ಪತ್ರಿಕೆಯ ಕನ್ನಡ ಆವೃತ್ತಿಯಿಂದಲೇ, ಹೆಗಲ ಮೇಲೆ ಬೇತಾಳನನ್ನು ಹೊತ್ತ ವಿಕ್ರಮನ ಚಿತ್ರ ನನ್ನ ತಲೆಮಾರಿನ ಕಣ್ಣಿಗೆ ಅಂಟಿತು. ಹೆದರುತ್ತ, ಆದರೂ ಮುಂದಿನ ಸಾಲಿಗೆ ಹೋಗುತ್ತ ನಾವು ಓದು ಕಲಿತೆವು. ಸುಖವಾದ ಹೆದರಿಕೆಗಿಂತ ದೊಡ್ಡ ಉಪಾಧ್ಯಾಯನಿಲ್ಲ.

ಮೊಮ್ಮಗಳನ್ನು ಕಳಿಸಿದೆವು. ಹಳೆಯ ಬಿಳಿ ಪಂಚೆಯಲ್ಲಿ ಎರಡು ತೂತು ಮಾಡಿ ಹೊದಿಸಿದೆವು. “ನೀನು ಯಾರು?” ಎಂದು ನಾನು ಕೇಳಿದಾಗ “ಬೂಚಿ” ಎಂದಳು; ತೆಲುಗು ಮಕ್ಕಳನ್ನು ಹೆದರಿಸುವ ಜೀವಿ ಅದು. ನಮ್ಮ ಮನೆಯಲ್ಲಿ ಅದಕ್ಕೆ ಗುಮ್ಮ ಎನ್ನುತ್ತಾರೆಂದು ಹೇಳಿದೆ. ಗುಮ್ಮನನ್ನು ಕರೆಯಬೇಡವೆಂದು ಬಾಲಕೃಷ್ಣನೇ ತಾಯಿಯನ್ನು ಬೇಡಿಕೊಂಡ ಪ್ರಸಂಗವನ್ನು ಪುರಂದರದಾಸರು ಹಾಡಿದ್ದಾರೆ. ಅದನ್ನು ನನ್ನ ಪತ್ನಿ ಹಾಡಿ ತೋರಿಸಿದಳು. ಸಂಜೆ ಮಗು ಕಿತ್ತಳೆ ಬಣ್ಣದ ಕಾಗದದ ಕುಂಬಳಕಾಯಿಯೊಂದಿಗೆ ಮರಳಿತು. “ಗುಮ್ಮಡಿಕಾಯ” ಎಂದಿತು. ಅದು ಕುಂಬಳಕಾಯಿ ಎಂದು ನಾನು ತಿದ್ದಿದೆ. ಮಗು ತಲೆಯಾಡಿಸಿ, ಕಾಗದದ ಬಾಯಿಯೊಳಗೆ ಬೆರಳಿಟ್ಟು, ಪಿಸುಮಾತಿನಲ್ಲಿ ಹೇಳಿತು: “ಅಜ್ಜ, ಇಲ್ಲಿ ಗುಮ್ಮ ಇದ್ದಾನೆ.”

ಗುಮ್ಮಡಿಕಾಯಿಯೊಳಗೆ ಗುಮ್ಮ! ತೆಲುಗಿನ ಪದದೊಳಗೆ ಕನ್ನಡದ ಜೀವಿಯೊಂದನ್ನು ಮಗು ಕಂಡುಹಿಡಿದಿತ್ತು. ಭಾಷಾಶಾಸ್ತ್ರ ಇದನ್ನು ಒಪ್ಪಬೇಕಾಗಿಲ್ಲ. ಆ ಮಾತನ್ನು ಆಡಲು ಅವಳಿಗೆ ಎರಡು ಭಾಷೆಯೂ ಬೇಕಾಗಿದ್ದವು, ಅಷ್ಟು ಸಾಕು.

ಆದುದರಿಂದ ಸಂಘದ ಮಿತ್ರರಲ್ಲಿ ನನ್ನ ವಿನಂತಿ, ಠರಾವಿನ ಬದಲು ಮೂರು ಸಣ್ಣ ಕೆಲಸಗಳು. ಒಂದು, ಸಂಘದ ಪುಸ್ತಕದ ಕಪಾಟಿನ ಬೀಗವನ್ನು ತೆಗೆದು, ಐದು ವರ್ಷದೊಳಗಿನ ಮಕ್ಕಳ ಪುಸ್ತಕಗಳ ಪೆಟ್ಟಿಗೆಯೊಂದನ್ನು ತಿಂಗಳಿಗೊಂದು ಮನೆಯಂತೆ ತಿರುಗಿಸುವುದು. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ ಮಾಲೆಯಿದೆ. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್‌ನ ಅಗ್ಗದ ಪುಸ್ತಕಗಳಿವೆ, ಅದರ ‘ಸ್ಟೋರಿವೀವರ್’ ತಾಣದಲ್ಲಿ ಕನ್ನಡ ಕಥೆಗಳು ಉಚಿತವಾಗಿಯೇ ಸಿಗುತ್ತವೆ. ಎರಡು, ತೆಲುಗು ಬಲ್ಲ ನಮ್ಮ ಮಕ್ಕಳಿಗೆ, ಸೊಸೆಯಂದಿರಿಗೆ, ಅಳಿಯಂದಿರಿಗೆ ಇಪ್ಪತ್ತು ದಿನಗಳ ಅಕ್ಷರ ವರ್ಗ. ಮಗುವಿಗಿಂತ ಮುಂಚೆ ತಾಯ್ತಂದೆಯರಿಗೆ ಕಲಿಸಬೇಕಾಗಿದೆ. ಮೂರು, ದೀಪಾವಳಿಯ ಸಂಜೆ ಮಕ್ಕಳು ತಮಗೆ ಬೇಕಾದ ವೇಷದಲ್ಲಿ, ದೀಪ ಹಿಡಿದು ನಮ್ಮ ಮನೆಗಳಿಗೆ ಬರಲಿ. ಒಂದು ಒಗಟು ಹೇಳಲಿ, ಕೋಡುಬಳೆ ಪಡೆಯಲಿ. ಕುಂಬಳಕಾಯಿಯ ದೀಪವನ್ನೇ ತಂದರೂ ಅಡ್ಡಿಯಿಲ್ಲ.

2024ರಲ್ಲಿ ದೀಪಾವಳಿಯೂ ಹ್ಯಾಲೋವೀನೂ ಅಕ್ಟೋಬರ್ 31ರಂದೇ ಬಿದ್ದವು. ಆ ರಾತ್ರಿ ವಿಜಯವಾಡದ ಮನೆಯ ಹೊಸ್ತಿಲ ಮೇಲೆ ಹಣತೆಗಳ ಸಾಲಿನಲ್ಲಿ ಕಾಗದದ ಗುಮ್ಮಡಿಕಾಯಿಯೂ ಇತ್ತು. ಮರುದಿನ ನವೆಂಬರ್ 1. 1956ರಲ್ಲಿ ಕನ್ನಡಿಗರ ರಾಜ್ಯವೂ ಆಂಧ್ರಪ್ರದೇಶವೂ ಒಂದೇ ದಿನ ರೂಪುಗೊಂಡ ದಿನಾಂಕ. ರಾಜ್ಯೋತ್ಸವದ ಭಾಷಣಕ್ಕೆ ನಾನು ವಿಶಾಖಪಟ್ಟಣಕ್ಕೆ ಮರಳಬೇಕಾಗಿತ್ತು; ಮರಳಲಿಲ್ಲ. ಬೆಳಿಗ್ಗೆ ಮಗಳು ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು, ಬೆರಳಿಟ್ಟು, ಇಲಿಗಳ ಪುಟವನ್ನು ಓದುತ್ತಿದ್ದಳು. ‘ತ’ ಬಂದಲ್ಲಿ ಒಂದು ಕ್ಷಣ ನಿಂತಳು. ನಾನು ಹೇಳಿಕೊಡಲಿಲ್ಲ. ಅವಳೇ ಓದಿ ಮುಂದೆ ಹೋದಳು.