ಹೆಣ್ಣಿಗೆ ಲೆಕ್ಕ ಹತ್ತೂದಿಲ್ಲ ಅಂದವರಾರು?

ಹತ್ತನೆಯ ಇಯತ್ತೆಯ ಫಲಿತಾಂಶ ಬಂದ ವಾರ ನಮ್ಮ ರೋಣದಲ್ಲಿ ಯಾರ ಮನೆಯ ಕಟ್ಟೆಯ ಮೇಲೆ ಕುಳಿತರೂ ಒಂದೇ ಮಾತು. ಪಾಸಾದವನು ಮಗನಾದರೆ, “ಸೈನ್ಸಿಗೆ ಹಾಕ್ರಿ, ಧಾರವಾಡಕ್ಕ ಕಳಸ್ರಿ.” ಮಗಳಾದರೆ, “ಅಕಿಗೆ ಆರ್ಟ್ಸ್ ಸಾಕ್ರಿ. ಹುಡುಗ್ಯಾರಿಗೆ ಗಣಿತ, ವಿಜ್ಞಾನ ತಲಿಗೆ ಹತ್ತೂದಿಲ್ಲ.” ಹೀಗೆ ಹೇಳುವವರು ಗಂಡಸರಷ್ಟೇ ಅಲ್ಲ ಸೋದರಿಯರೇ, ಎಷ್ಟೋ ಮನೆಗಳಲ್ಲಿ ತಾಯಂದಿರೇ ಮೊದಲು ಹೇಳುತ್ತಾರೆ. ಈ ಮಾತಿನಲ್ಲಿ ನಿಜವೆಷ್ಟು ಅಂತ ಈ ಸಲ ಸ್ವಲ್ಪ ವಿಚಾರ ಮಾಡೋಣ.

ಮೊದಲು ನಮ್ಮ ರಾಜ್ಯದ ಲೆಕ್ಕವನ್ನೇ ನೋಡಿರಿ. ೨೦೨೪ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹುಡುಗಿಯರು ನೂರಕ್ಕೆ ೮೧ರಷ್ಟು ಪಾಸಾದರು, ಹುಡುಗರು ೬೬ರಷ್ಟು. ಗಣಿತ, ವಿಜ್ಞಾನ ಬಿಟ್ಟು ಪಾಸಾಗಲು ಬರುತ್ತದೆಯೇ? ತಲೆಗೆ ಹತ್ತದೆ ಇಷ್ಟೊಂದು ಹುಡುಗಿಯರು ಪಾಸಾದದ್ದಾದರೂ ಹೇಗೆ?

ಹೊರದೇಶದವರೂ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ೨೦೦೮ರಲ್ಲಿ ಅಮೆರಿಕದಲ್ಲಿ ಎರಡನೆಯ ಇಯತ್ತೆಯಿಂದ ಹನ್ನೊಂದನೆಯವರೆಗಿನ ಸುಮಾರು ೭೦ ಲಕ್ಷ ಮಕ್ಕಳ ಗಣಿತದ ಅಂಕಗಳನ್ನು ಕೂಡಿಸಿ ನೋಡಿದಾಗ ಗಂಡು-ಹೆಣ್ಣಿನ ನಡುವೆ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಫ್ರಾನ್ಸ್ ದೇಶದಲ್ಲಿ ೨೬ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ನೋಡಿ ೨೦೨೫ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ವಿಚಾರ ಮಾಡುವಂಥದ್ದು. ಒಂದನೆಯ ಇಯತ್ತೆಗೆ ಸೇರಿದಾಗ ಹುಡುಗ-ಹುಡುಗಿಯರು ಲೆಕ್ಕದಲ್ಲಿ ಸರಿಸಮ. ನಾಲ್ಕೇ ತಿಂಗಳಲ್ಲಿ ಹುಡುಗಿಯರು ಹಿಂದೆ ಬಿದ್ದರು. ಹುಟ್ಟಿನಿಂದ ಬಂದ ಕೊರತೆಯಾಗಿದ್ದರೆ ಸೇರಿದ ದಿನವೇ ಕಾಣಬೇಕಿತ್ತಲ್ಲವೇ? ಅಂದಮೇಲೆ ಕೊರತೆ ಮಗುವಿನ ತಲೆಯಲ್ಲಿಲ್ಲ, ಸುತ್ತಲಿನವರ ನಡೆ-ನುಡಿಯಲ್ಲಿದೆ.

ಅಷ್ಟು ದೂರ ಯಾಕೆ, ನಮ್ಮ ಕಡೆಯ ಕಸೂತಿಯನ್ನೇ ನೋಡಿರಿ. ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ತುಳಸಿಕಟ್ಟೆ ಮೂಡಿಸುವ ಅಜ್ಜಿ ಬಟ್ಟೆಯ ಮೇಲೆ ಒಂದು ಗೆರೆಯನ್ನೂ ಬರೆದುಕೊಳ್ಳುವುದಿಲ್ಲ. ಎಳೆ ಎಣಿಸುತ್ತಾ ಹೋಗುತ್ತಾಳೆ. ಗವಂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹಾಕಿ, ಬರುವಾಗ ಬಿಟ್ಟದ್ದನ್ನು ತುಂಬಬೇಕು. ಗಂಟು ಹಾಕುವಂತಿಲ್ಲ, ಎರಡೂ ಮಗ್ಗಲು ಒಂದೇ ತರಹ ಕಾಣಬೇಕು. ಒಂದೆಳೆ ತಪ್ಪಿದರೆ ಗೋಪುರದ ಎರಡು ಬದಿ ಕೂಡುವುದಿಲ್ಲ. ಇದು ಗಣಿತವಲ್ಲದೆ ಮತ್ತೇನು? ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೆ ಹತ್ತಿದ ಲೆಕ್ಕ ಶಾಲೆಗೆ ಹೋಗುವ ಮೊಮ್ಮಗಳಿಗೆ ಯಾಕೆ ಹತ್ತಬಾರದು?

ಹಿಂದೆ ಹುಡುಗಿಯರಿಗೆ ಬಾಗಿಲೇ ಮುಚ್ಚಿತ್ತು. ೧೯೩೩ರಲ್ಲಿ ಕಮಲಾ ಭಾಗವತ್ ಎಂಬ ತರುಣಿ ಮುಂಬಯಿಯಲ್ಲಿ ಪದವಿ ಮುಗಿಸಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ಆಗಿನ ನಿರ್ದೇಶಕರಾದ ಸರ್ ಸಿ.ವಿ. ರಾಮನ್ ಹೆಣ್ಣೆಂಬ ಕಾರಣಕ್ಕೇ ಬೇಡವೆಂದರು. ಆಕೆ ಪಟ್ಟು ಬಿಡಲಿಲ್ಲ. ಒಂದು ವರ್ಷ ಕೆಲಸ ನೋಡಿ ಆಮೇಲೆ ಒಪ್ಪುವುದಾಗಿ ಷರತ್ತು ಹಾಕಿ ಸೇರಿಸಿಕೊಂಡರು. ಮುಂದೆ ಕಮಲಾ ಸೊಹೋನಿ ಎಂದು ಹೆಸರಾದ ಆಕೆ ೧೯೩೯ರಲ್ಲಿ ಕೇಂಬ್ರಿಜ್ಜಿನಿಂದ ಡಾಕ್ಟರೇಟ್ ಪಡೆದರು. ನಮ್ಮ ಹತ್ತಿರದ ಹುಬ್ಬಳ್ಳಿಯಲ್ಲಿ ಏನಾಯಿತು? ಶಿಗ್ಗಾಂವಿಯಲ್ಲಿ ಹುಟ್ಟಿದ ಸುಧಾ ಕುಲಕರ್ಣಿ, ಅಂದರೆ ಈಗಿನ ಸುಧಾ ಮೂರ್ತಿಯವರು, ೧೯೬೦ರ ದಶಕದ ಕೊನೆಯಲ್ಲಿ ಬಿ.ವಿ.ಬಿ. ಇಂಜಿನಿಯರಿಂಗ್ ಕಾಲೇಜು ಸೇರಿದಾಗ ಸೀರೆಯನ್ನೇ ಉಡಬೇಕು, ಕ್ಯಾಂಟೀನಿಗೆ ಹೋಗಬಾರದು, ಹುಡುಗರ ಜೊತೆ ಮಾತಾಡಬಾರದು ಎಂಬ ಷರತ್ತುಗಳಿದ್ದವು. ಎಲ್ಲವನ್ನೂ ಅವರೇ ಹೇಳಿಕೊಂಡಿದ್ದಾರೆ.

ಈಗ ಕಾಲೇಜಿನ ಬಾಗಿಲು ತೆರೆದಿದೆ. ಆದರೆ ಮನೆಯ ಬಾಗಿಲು? ಧಾರವಾಡದಲ್ಲಿ ೨೦೧೬ರಲ್ಲಿ ಐಐಟಿ ಶುರುವಾಯಿತು. ಆ ವೇಳೆಗೆ ದೇಶದ ಐಐಟಿಗಳಿಗೆ ಹೊಸದಾಗಿ ಸೇರುವ ನೂರು ಮಕ್ಕಳಲ್ಲಿ ಹತ್ತು ಹುಡುಗಿಯರೂ ಇರುತ್ತಿರಲಿಲ್ಲ. ೨೦೧೮ರಿಂದ ಹುಡುಗಿಯರಿಗಾಗಿ ಹೆಚ್ಚಿನ ಸೀಟು ಮಾಡಿದ ಮೇಲೆ ಆ ಸಂಖ್ಯೆ ಇಪ್ಪತ್ತರ ಹತ್ತಿರ ಬಂದಿದೆ. ಹತ್ತನೆಯ ಇಯತ್ತೆಯಲ್ಲಿ ಮುಂದಿದ್ದ ಹುಡುಗಿಯರು ಅಲ್ಲಿಯವರೆಗೆ ಹೋಗುವುದರಲ್ಲಿ ಎಲ್ಲಿ ಉಳಿದರು? ಆ ಪರೀಕ್ಷೆಗೆ ಎರಡು ವರ್ಷ ಕೋಚಿಂಗು ಬೇಕು, ಸಾವಿರಾರು ರೂಪಾಯಿ ಬೇಕು. ಮನೆಯಲ್ಲಿ ಒಬ್ಬರ ಫೀಗೆ ಮಾತ್ರ ದುಡ್ಡಿದ್ದರೆ ಅದು ಯಾರಿಗೆ ಹೋಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಸಂಜೆ ಆರಕ್ಕೆ ಮಗ ಟ್ಯೂಷನ್ನಿಗೆ, ಮಗಳು ರೊಟ್ಟಿ ಹಂಚಿನ ಮುಂದೆ. ಆಮೇಲೆ “ನೋಡ್ರಿ, ಅಕಿಗೆ ಲೆಕ್ಕ ಬರೂದಿಲ್ಲ” ಎಂದರೆ ಅದು ನ್ಯಾಯವೇ?

ಹಾಗಾದರೆ ನಮ್ಮಂಥ ಗೃಹಿಣಿಯರು ಏನು ಮಾಡಬಹುದು? ನನಗೆ ತೋಚಿದ ನಾಲ್ಕು ಮಾತು ಹೇಳುತ್ತೇನೆ.

ಒಂದು, “ನನಗೂ ಗಣಿತ ಬರ್ತಿರಲಿಲ್ಲ, ನಿನಗೆಲ್ಲಿಂದ ಬರಬೇಕು” ಎಂಬ ಮಾತು ಬಾಯಿಂದ ಬರಬಾರದು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎನ್ನುತ್ತಾರಲ್ಲ, ನಮ್ಮ ಅಂಜಿಕೆಯೂ ಹಾಗೇ ಮಕ್ಕಳಿಗೆ ಇಳಿಯುತ್ತದೆ. ಗಣಿತಕ್ಕೆ ಅಂಜುವ ತಂದೆ-ತಾಯಿ ಮೇಲಿಂದ ಮೇಲೆ ಮನೆಪಾಠ ಮಾಡಿಸಿದರೆ ಮಕ್ಕಳ ಕಲಿಕೆಗೇ ಹಿನ್ನಡೆಯಾಗುತ್ತದೆಂದು ೨೦೧೫ರ ಒಂದು ಅಮೆರಿಕನ್ ಅಧ್ಯಯನ ತೋರಿಸಿದೆ. ನಮಗೆ ಬಾರದಿದ್ದರೆ, “ಇದನ್ನ ನನಗ ತಿಳಿಸಿ ಹೇಳು ನೋಡೋಣ” ಎಂದು ಮಗಳನ್ನೇ ಕೇಳಿರಿ. ಹೇಳುತ್ತಾ ಹೇಳುತ್ತಾ ಅವಳಿಗೇ ಗಟ್ಟಿಯಾಗುತ್ತದೆ.

ಎರಡು, ಸಂಜೆಯ ಹೊತ್ತನ್ನು ಸಮನಾಗಿ ಹಂಚಿರಿ. ಒಂದು ದಿನ ಮಗಳು ರೊಟ್ಟಿ ಬಡಿದರೆ ಮರುದಿನ ಮಗ ಪಾತ್ರೆ ತೊಳೆಯಲಿ. ಓದುವ ಹೊತ್ತು ಇಬ್ಬರಿಗೂ ಒಂದೇ ಇರಲಿ.

ಮೂರು, ಮನೆಯ ಲೆಕ್ಕ ಮಕ್ಕಳಿಗೆ ಬಿಡಿರಿ. ಎಂಟು ಜನರ ಹೋಳಿಗೆಗೆ ಅರ್ಧ ಕಿಲೋ ಕಡಲೆಬೇಳೆಯಾದರೆ ಇಪ್ಪತ್ತು ಜನಕ್ಕೆಷ್ಟು? ಒಂದೂಕಾಲು ಕಿಲೋ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಂತೆ ಹತ್ತು ಸಾವಿರ ಸಾಲ ತಂದರೆ ವರ್ಷಕ್ಕೆ ಬಡ್ಡಿಯೇ ೨,೪೦೦ ರೂಪಾಯಿ. ಎರಡು ಅಂದರೆ ಸಣ್ಣದು ಅನಿಸುತ್ತದೆ, ಆದರೆ ವರ್ಷಕ್ಕೆ ನೂರಕ್ಕೆ ೨೪ ಆಯಿತು! ಇದು ತಿಳಿದ ಹುಡುಗಿಯನ್ನು ನಾಳೆ ಸಾಲ ಕೊಡುವವರು ಸುಲಭವಾಗಿ ಮೋಸಗೊಳಿಸಲಾರರು.

ನಾಲ್ಕು, ಅಂಕ ಕಡಿಮೆ ಬಂದರೆ ವಿಷಯವನ್ನೇ ಬಿಡಿಸಬೇಡಿರಿ. ಎಲ್ಲಿ ತೊಡಕಾಗಿದೆ ಕೇಳಿರಿ. ಐದನೆಯ ಇಯತ್ತೆಯಲ್ಲಿ ಭಿನ್ನರಾಶಿ ಅರ್ಧಮರ್ಧ ತಿಳಿದಿದ್ದರೆ ಎಂಟರಲ್ಲಿ ಬೀಜಗಣಿತ ಕಬ್ಬಿಣದ ಕಡಲೆಯಾಗುತ್ತದೆ. ಶಾಲೆಗೆ ಹೋಗಿ ಗುರುಗಳನ್ನು ಕಂಡು, ಆ ಪಾಠವನ್ನೇ ಮತ್ತೊಮ್ಮೆ ಹೇಳಿಕೊಡಲು ಕೇಳಿಕೊಳ್ಳಿರಿ.

ಎಲ್ಲ ಹುಡುಗಿಯರೂ ಇಂಜಿನಿಯರ್ ಆಗಬೇಕೆಂದು ನಾನು ಹೇಳುತ್ತಿಲ್ಲ. ಸಂಗೀತ ಬೇಕೆಂದವಳು ಸಂಗೀತ ಕಲಿಯಲಿ, ಕನ್ನಡ ಸಾಹಿತ್ಯ ಓದಬೇಕೆಂದವಳು ಸಂತೋಷದಿಂದ ಆರ್ಟ್ಸ್ ಸೇರಲಿ. ಮಗನಿಗೆ ಗಣಿತ ಒಲ್ಲದಿದ್ದರೆ ಅವನ ಮೇಲೂ ಹೇರುವುದು ಬೇಡ. ಆದರೆ ಆರಿಸುವವರು ಮಕ್ಕಳಾಗಿರಲಿ, ಕಟ್ಟೆಯ ಮೇಲೆ ಕುಳಿತವರಲ್ಲ. ನಿಮ್ಮ ಮನೆಯಲ್ಲಿ ಹತ್ತನೆಯ ಇಯತ್ತೆಯ ಮಗಳಿದ್ದರೆ ಇವತ್ತೇ ಹತ್ತಿರ ಕೂರಿಸಿಕೊಂಡು, “ನಿನಗ ಏನು ಓದಬೇಕು ಅನಸ್ತೈತಿ?” ಎಂದು ಕೇಳಿರಿ. ಅವಳು ಸೈನ್ಸ್ ಎಂದರೆ ನಗಬೇಡಿರಿ. ಫೀಗೆ ದುಡ್ಡು ಹೊಂದಿಸುವುದು ಹೇಗೆಂದು ಆ ರಾತ್ರಿಯೇ ಮನೆಯವರೊಡನೆ ಕುಳಿತು ಲೆಕ್ಕ ಹಾಕಿರಿ.