ಸಿಂಹದ ಮರಿಗೆ ಬಾಟಲಿ ಹಾಲು ಕುಡಿಸುವ 'ಸೇವೆ': ಆ ಮರಿಯ ತಾಯಿ ಎಲ್ಲಿ?

ಹಿಂದೆ ನೀಲಿ ಬೆಟ್ಟಗಳ ಸಾಲು, ಮುಂದೆ ಒಣಹುಲ್ಲಿನ ಬಯಲು. ನಡುವೆ ಖಾಕಿ ಟೀ ಶರ್ಟ್ ತೊಟ್ಟ ಯುವತಿಯೊಬ್ಬಳ ಮಡಿಲಲ್ಲಿ ಪುಟ್ಟ ಸಿಂಹದ ಮರಿ, ಅದರ ಬಾಯಲ್ಲಿ ಹಾಲಿನ ಬಾಟಲಿ. ಚಿತ್ರದ ಕೆಳಗೆ ಹೀಗೆ ಬರೆದಿತ್ತು: "ಅನಾಥ ಸಿಂಹದ ಮರಿಗಳಿಗೆ ಅಮ್ಮನಾಗಿ. ದಕ್ಷಿಣ ಆಫ್ರಿಕಾದಲ್ಲಿ ಎರಡು ವಾರ ಸ್ವಯಂಸೇವೆ. ಊಟ, ವಸತಿ, ಸರ್ಟಿಫಿಕೇಟ್ ಉಂಟು. ಪ್ರಾಣಿಪ್ರಿಯರಿಗೆಲ್ಲ ಶೇರ್ ಮಾಡಿ."

ಈ ಸಂದೇಶ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೂ ಬಂತು. ಹಾಕಿದವಳು ನನ್ನ ಚಿಕ್ಕಮ್ಮನ ಮಗಳು. ಬೀದಿನಾಯಿಗಳಿಗೆ ದಿನಾ ಅನ್ನ ಹಾಕುವ ಹುಡುಗಿ. ಮೊದಲ ಕೆಲಸದ ಉಳಿತಾಯದಲ್ಲಿ ಒಂದೂವರೆ ಲಕ್ಷ ರೂಪಾಯಿ ಎತ್ತಿಟ್ಟಿದ್ದಳು. "ಅಕ್ಕಾ, ಸುಮ್ಮನೆ ಊರು ಸುತ್ತಿ ಬರೋದಕ್ಕಿಂತ ಇದು ಒಳ್ಳೇದಲ್ವಾ?" ಎಂದು ಕೇಳಿದಳು. ಅವಳಿಗೆ ಕೊಟ್ಟ ಉತ್ತರವನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆದಿದ್ದೇನೆ. ಏಕೆಂದರೆ ಇಂಥ ಸಂದೇಶ ನಿಮ್ಮ ಗುಂಪಿಗೂ ಇಂದಲ್ಲ ನಾಳೆ ಬರುತ್ತದೆ.

ಮೊದಲ ಪ್ರಶ್ನೆ: ಇಷ್ಟೊಂದು ಅನಾಥ ಮರಿಗಳು ಎಲ್ಲಿಂದ ಬಂದವು?

ಕಾಡಿನಲ್ಲಿ ಸಿಂಹಗಳು ಗುಂಪಾಗಿ ಬದುಕುತ್ತವೆ. ಒಂದೇ ಗುಂಪಿನ ಸಿಂಹಿಣಿಗಳು ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಮರಿ ಹಾಕುವುದೂ, ಒಬ್ಬಳ ಮರಿಗೆ ಇನ್ನೊಬ್ಬಳು ಹಾಲುಣಿಸುವುದೂ ಸಾಮಾನ್ಯ. ತಾಯಿ ಸತ್ತರೂ ಅದರ ಮರಿಗೆ ಚಿಕ್ಕಮ್ಮ ದೊಡ್ಡಮ್ಮಂದಿರ ಆಸರೆ ಸಿಗಬಹುದು. ಮರಿಗಳು ಸುಮಾರು ಎರಡು ವರ್ಷ ತಾಯಿಯ ಜೊತೆಗೇ ಇರುತ್ತವೆ. ಹಾಗಾಗಿ ಕಾಡಿನ ಸಿಂಹಿಣಿ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಮಾತ್ರ ಮರಿ ಹಾಕುತ್ತದೆ.

ಈಗ ಒಂದು ಫಾರಂ ಊಹಿಸಿಕೊಳ್ಳಿ. ವರ್ಷವಿಡೀ ಸ್ವಯಂಸೇವಕರು ಬರುತ್ತಲೇ ಇರುತ್ತಾರೆ. ಯಾವಾಗ ಹೋದರೂ ಮಡಿಲಲ್ಲಿ ಇಟ್ಟುಕೊಳ್ಳುವಷ್ಟು ಚಿಕ್ಕ ಮರಿಗಳು ಅಲ್ಲಿ ಸಿದ್ಧವಾಗಿರುತ್ತವೆ. ಆಕಸ್ಮಿಕವಾಗಿ ತಾಯಿ ಕಳೆದುಕೊಂಡ ಮರಿಗಳಿಂದ ಇದು ಸಾಧ್ಯವೇ? ಸಾಧ್ಯವಿಲ್ಲ. ಮರಿಗಳ ಪೂರೈಕೆ ತಪ್ಪದೆ ನಡೆಯಬೇಕಾದರೆ ಅವುಗಳನ್ನು ಹುಟ್ಟಿಸಲೇಬೇಕು.

ಅದಕ್ಕೊಂದು ದಾರಿ ಇದೆ. ಮರಿಯನ್ನು ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿಯಿಂದ ಬೇರ್ಪಡಿಸಿದರೆ ಹಾಲುಣಿಸುವುದು ನಿಲ್ಲುತ್ತದೆ, ಸಿಂಹಿಣಿ ಬೇಗ ಮತ್ತೆ ಬೆದೆಗೆ ಬರುತ್ತದೆ. ಸಿಂಹದ ಗರ್ಭಾವಧಿ ಸುಮಾರು 110 ದಿನ ಮಾತ್ರ. ಎರಡು ವರ್ಷಕ್ಕೊಂದು ಸೂಲು ಆಗಬೇಕಿದ್ದಲ್ಲಿ ಒಂದೇ ವರ್ಷದಲ್ಲಿ ಎರಡು ಸೂಲು ಪಡೆಯಬಹುದು. ನಮ್ಮ ಕೈಗೆ ಬಾಟಲಿ ಬರುವುದು ಮರಿ ಅನಾಥವಾಗಿದೆ ಎಂದಲ್ಲ. ಬಾಟಲಿ ಹಿಡಿಯಲು ಹಣ ಕೊಡುವವರು ಇದ್ದಾರೆಂದು ಮರಿಯನ್ನು ಅನಾಥ ಮಾಡಲಾಗುತ್ತದೆ.

ಎರಡನೇ ಪ್ರಶ್ನೆ: ಮರಿ ದೊಡ್ಡದಾದ ಮೇಲೆ ಏನಾಗುತ್ತದೆ?

ಸಿಂಹದ ಮರಿಯನ್ನು ಮಡಿಲಲ್ಲಿ ಇಟ್ಟುಕೊಳ್ಳಲು ಆಗುವುದು ಕೆಲವೇ ತಿಂಗಳು. ಆಮೇಲೆ ಅದರ ಆಟವೇ ನಮ್ಮ ಮೈಗೆ ಗಾಯ. ಒಂದು ವಯಸ್ಸಿನವರೆಗೆ ಪ್ರವಾಸಿಗರ ಜೊತೆ 'ಸಿಂಹದೊಂದಿಗೆ ನಡಿಗೆ'ಗೆ ಬಳಸುತ್ತಾರೆ. ನಂತರ? ಒಂದು ವಯಸ್ಕ ಸಿಂಹಕ್ಕೆ ದಿನಕ್ಕೆ ಕಿಲೋಗಟ್ಟಲೆ ಮಾಂಸ ಬೇಕು. ಸಿಂಹ ಹದಿನೈದು ವರ್ಷಕ್ಕೂ ಹೆಚ್ಚು ಬದುಕಬಲ್ಲದು. ಫೋಟೋಕ್ಕೆ ಬಾರದ ಪ್ರಾಣಿಯನ್ನು ಅಷ್ಟು ವರ್ಷ ಸಾಕುವ ಖರ್ಚನ್ನು ಯಾವ ವ್ಯಾಪಾರವೂ ಹೊರುವುದಿಲ್ಲ.

ಇದಕ್ಕೆ ಉತ್ತರವನ್ನು 2015ರ 'ಬ್ಲಡ್ ಲಯನ್ಸ್' ಸಾಕ್ಷ್ಯಚಿತ್ರ ಜಗತ್ತಿನ ಮುಂದಿಟ್ಟಿತು. ಸಾಕಿ ಬೆಳೆಸಿದ ಸಿಂಹಗಳನ್ನು ಬೇಲಿ ಹಾಕಿದ ಜಾಗದಲ್ಲಿ ಬಿಟ್ಟು, ಹಣ ಕೊಟ್ಟು ಬರುವ ಬೇಟೆಗಾರರಿಗೆ ಗುಂಡು ಹಾರಿಸಲು ಕೊಡಲಾಗುತ್ತದೆ. ಇಂಗ್ಲಿಷಿನಲ್ಲಿ ಇದನ್ನು 'ಕ್ಯಾನ್ಡ್ ಹಂಟಿಂಗ್' ಎನ್ನುತ್ತಾರೆ. ಡಬ್ಬಿಯಲ್ಲಿ ತುಂಬಿಟ್ಟ ತಿಂಡಿಯಂತೆ, ಬೇಟೆ ಮೊದಲೇ ಸಿದ್ಧ. ಮನುಷ್ಯನ ಕೈಯಿಂದ ಹಾಲು ಕುಡಿದು ಬೆಳೆದ ಸಿಂಹಕ್ಕೆ ಮನುಷ್ಯನ ಭಯ ಕಡಿಮೆ. ಅದು ಓಡಿಹೋಗುವ ಸಾಧ್ಯತೆಯೂ ಕಡಿಮೆ.

ಉಳಿದದ್ದು ಮೂಳೆ. ಆಗ್ನೇಯ ಏಷ್ಯಾದ ಕೆಲವು ದೇಶಗಳಲ್ಲಿ ಹುಲಿಯ ಮೂಳೆಯಿಂದ ಮಾಡಿದ 'ಔಷಧ' ಮತ್ತು ಮದ್ಯಕ್ಕೆ ಬೇಡಿಕೆ ಇದೆ. ಹುಲಿ ಮೂಳೆಯ ಅಂತರರಾಷ್ಟ್ರೀಯ ವ್ಯಾಪಾರ ನಿಷಿದ್ಧ. ಅದರ ಬದಲಿಗೆ ಸಿಂಹದ ಮೂಳೆ ಹೋಗುತ್ತದೆ. ದಕ್ಷಿಣ ಆಫ್ರಿಕಾ 2017ರಲ್ಲಿ ಸಾಕಿದ ಸಿಂಹಗಳ 800 ಅಸ್ಥಿಪಂಜರಗಳ ರಫ್ತಿಗೆ ಅಧಿಕೃತವಾಗಿಯೇ ಅನುಮತಿ ಕೊಟ್ಟಿತ್ತು. ಪ್ರಾಣಿಗಳ ಯೋಗಕ್ಷೇಮವನ್ನು ಪರಿಗಣಿಸದೆ ಹೀಗೆ ಕೋಟಾ ನಿಗದಿ ಮಾಡಿದ್ದು ಕಾನೂನುಬಾಹಿರ ಎಂದು 2019ರಲ್ಲಿ ಅಲ್ಲಿನ ಹೈಕೋರ್ಟ್ ತೀರ್ಪು ನೀಡಿತು.

"ಅದು ಆಫ್ರಿಕಾದ ವಿಷಯ, ನಮಗೇನು?" ಎನ್ನುವವರಿಗೆ ಒಂದು ಮಾತು. 2022ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ 563 ಹುಲಿಗಳಿವೆ, ದೇಶದಲ್ಲೇ ಎರಡನೇ ಸ್ಥಾನ. ಮೂಳೆಯ ಮದ್ಯಕ್ಕೆ ಗಿರಾಕಿಗಳು ಇರುವ ತನಕ ಬಂಡೀಪುರ, ನಾಗರಹೊಳೆಯ ಹುಲಿಗೆ ಕಳ್ಳಬೇಟೆಯ ಭಯ ತಪ್ಪಿದ್ದಲ್ಲ. ಸಿಂಹದ ಮೂಳೆ ಆ ಗಿರಾಕಿಯ ಚಟವನ್ನು ಜೀವಂತ ಇಡುತ್ತದೆ ಎಂಬುದು ಹಲವು ವನ್ಯಜೀವಿ ತಜ್ಞರ ಆತಂಕ.

"ಕಾಡಿಗೆ ಬಿಡುತ್ತೇವೆ" ಎಂಬ ಮಾತು ನಿಜವೇ?

ಇಂಥ ಜಾಹೀರಾತುಗಳಲ್ಲಿ ತಪ್ಪದೆ ಇರುವ ಸಾಲು ಇದು. ಆಗ ಹಲವರಿಗೆ ಎಲ್ಸಾ ನೆನಪಾಗುತ್ತದೆ. ಕೀನ್ಯಾದಲ್ಲಿ ಜಾಯ್ ಮತ್ತು ಜಾರ್ಜ್ ಆಡಮ್ಸನ್ ದಂಪತಿ ಸಾಕಿ, ಕಾಡಿಗೆ ಮರಳಿಸಿದ ಸಿಂಹಿಣಿ ಅದು. 1960ರಲ್ಲಿ ಬಂದ 'ಬಾರ್ನ್ ಫ್ರೀ' ಪುಸ್ತಕ, 1966ರ ಸಿನಿಮಾ ಅದನ್ನು ಜಗತ್ಪ್ರಸಿದ್ಧ ಮಾಡಿದವು. ಆದರೆ ಎಲ್ಸಾಳ ಹಿಂದೆ ತಿಂಗಳುಗಟ್ಟಲೆ ಶ್ರಮಪಟ್ಟು ಬೇಟೆ ಕಲಿಸಿದ ಇಬ್ಬರಿದ್ದರು. ಎರಡು ವಾರಕ್ಕೊಮ್ಮೆ ಬದಲಾಗುವ ಸ್ವಯಂಸೇವಕರ ಕೈಯಲ್ಲಿ ಬೆಳೆದ ಮರಿಗೆ ಆ ಪಾಠ ಸಿಗುವುದಿಲ್ಲ.

ಅದಕ್ಕಿಂತ ದೊಡ್ಡ ತೊಡಕೂ ಇದೆ. ಮನುಷ್ಯರೆಂದರೆ ಊಟ ಎಂದು ಕಲಿತ ಸಿಂಹ ಊರಿನ ಕಡೆಗೇ ಬರುತ್ತದೆ. ಫಾರಂನೊಳಗೆ ರಕ್ತಸಂಬಂಧದಲ್ಲೇ ಮರಿ ಹುಟ್ಟಿಸಿದ್ದರೆ ಆ ದೋಷಗಳು ಕಾಡಿನ ಸಿಂಹಗಳಿಗೂ ಹರಡಬಹುದು. ಹೊಸ ಕಾಡಿಗೆ ಸಿಂಹ ಬೇಕಾದಾಗ ಅಲ್ಲಿನ ಅಧಿಕಾರಿಗಳು ಇನ್ನೊಂದು ಕಾಡಿನಿಂದ ಸಿಂಹ ತರುತ್ತಾರೆ, ಫಾರಂನಿಂದಲ್ಲ.

ಲೆಕ್ಕ ನೋಡಿದರೂ ವಿಷಯ ಸ್ಪಷ್ಟ. ದಕ್ಷಿಣ ಆಫ್ರಿಕಾದಲ್ಲಿ ಮುನ್ನೂರಕ್ಕೂ ಹೆಚ್ಚು ಕಡೆ ಸೆರೆಯಲ್ಲಿರುವ ಸಿಂಹಗಳ ಸಂಖ್ಯೆ ಸುಮಾರು 8,000 ಅಥವಾ ಅದಕ್ಕೂ ಹೆಚ್ಚು ಎಂಬುದು ಅಂದಾಜು. ಅದೇ ದೇಶದ ಕಾಡಿನ ಸಿಂಹಗಳು ಇದರ ಅರ್ಧದಷ್ಟೂ ಇಲ್ಲ. ಸಾಕಿದ ಸಿಂಹಗಳು ಇಷ್ಟು ಹೆಚ್ಚಿದರೂ ಅವು ಕಾಡಿಗೆ ಸೇರಲಿಲ್ಲ.

ಸರ್ಕಾರಕ್ಕೂ ಇದು ಅರ್ಥವಾಯಿತು. 2021ರ ಮೇ ತಿಂಗಳಲ್ಲಿ ಅಂದಿನ ಪರಿಸರ ಸಚಿವೆ ಬಾರ್ಬರಾ ಕ್ರೀಸಿ, ತಜ್ಞರ ಸಮಿತಿಯ ವರದಿ ಬಿಡುಗಡೆ ಮಾಡಿ, ಸೆರೆಯಲ್ಲಿ ಸಿಂಹ ಸಂತಾನ ಬೆಳೆಸುವುದನ್ನೂ ಮರಿ ಮುಟ್ಟಿಸುವ ಪ್ರವಾಸೋದ್ಯಮವನ್ನೂ ಕೊನೆಗಾಣಿಸುವುದಾಗಿ ಘೋಷಿಸಿದರು. 2024ರಲ್ಲಿ ಸಂಪುಟವೂ ಈ ನೀತಿಗೆ ಒಪ್ಪಿಗೆ ನೀಡಿತು. ಆದರೆ ನೀತಿ ಬಂದ ಮಾತ್ರಕ್ಕೆ ಫಾರಂಗಳು ಮರುದಿನವೇ ಬಾಗಿಲು ಹಾಕುವುದಿಲ್ಲ.

ಹಾಗಾದರೆ ಒಳ್ಳೆಯ ಕೆಲಸ ನಡೆಯುವುದೇ ಇಲ್ಲವೇ?

ನಡೆಯುತ್ತದೆ. ರುವಾಂಡಾ, ಉಗಾಂಡಾ, ಕಾಂಗೋ ಗಡಿಯಲ್ಲಿ ವಿರುಂಗಾ ಎಂಬ ಜ್ವಾಲಾಮುಖಿ ಬೆಟ್ಟಗಳ ಸಾಲಿದೆ. ಮಂಜು ಮುಸುಕಿದ ಆ ಕಾಡಿನಲ್ಲಿ ಪರ್ವತ ಗೊರಿಲ್ಲಾಗಳಿವೆ. 1981ರ ಗಣತಿಯಲ್ಲಿ ವಿರುಂಗಾದಲ್ಲಿ ಸಿಕ್ಕಿದ್ದು 254 ಮಾತ್ರ. 2015-16ರ ಗಣತಿಯ ಹೊತ್ತಿಗೆ ಅಲ್ಲಿ 604 ಇದ್ದವು. ಉಗಾಂಡಾದ ಬ್ವಿಂಡಿ ಕಾಡಿನದ್ದೂ ಸೇರಿಸಿದರೆ ಸಂಖ್ಯೆ ಸಾವಿರ ದಾಟಿದೆ. 2018ರಲ್ಲಿ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅವುಗಳ ಅಪಾಯದ ಮಟ್ಟವನ್ನು ಒಂದು ಮೆಟ್ಟಿಲು ಇಳಿಸಲಾಯಿತು.

ಅಲ್ಲಿಗೂ ಪ್ರವಾಸಿಗರು ಹೋಗುತ್ತಾರೆ, ದುಬಾರಿ ಹಣ ಕೊಟ್ಟೇ ಹೋಗುತ್ತಾರೆ. ರುವಾಂಡಾದಲ್ಲಿ 2017ರಿಂದ ವಿದೇಶಿಯರಿಗೆ ಒಂದು ಪರ್ಮಿಟ್‌ಗೆ 1,500 ಡಾಲರ್. ಪಾರ್ಕ್ ಆದಾಯದ ಶೇಕಡಾ 10ರಷ್ಟು ಸುತ್ತಲಿನ ಹಳ್ಳಿಗಳಿಗೆ ಹೋಗುತ್ತದೆ. ಅಷ್ಟು ಕೊಟ್ಟವರಿಗೆ ಸಿಗುವುದೇನು? ಒಂದು ಗೊರಿಲ್ಲಾ ಕುಟುಂಬದ ಬಳಿ ದಿನಕ್ಕೆ ಎಂಟು ಜನ, ಒಂದೇ ಗಂಟೆ, ಅದೂ ಮೀಟರುಗಟ್ಟಲೆ ದೂರದಿಂದ. ಶೀತ, ಕೆಮ್ಮು ಇದ್ದವರಿಗೆ ಪ್ರವೇಶವಿಲ್ಲ. ಗೊರಿಲ್ಲಾಗಳು ನಮಗೆ ಎಷ್ಟು ಹತ್ತಿರದ ಬಂಧುಗಳೆಂದರೆ, ನಮಗೆ ಸಾಮಾನ್ಯ ನೆಗಡಿಯಾದದ್ದು ಅವುಗಳಿಗೆ ಮಾರಣಾಂತಿಕ ನ್ಯುಮೋನಿಯಾ ಆಗಬಹುದು.

ಸಿಂಹದ ಫಾರಂ ಹಣ ತೆಗೆದುಕೊಂಡು ಮರಿಯನ್ನು ಕೈಗೆ ಕೊಡುತ್ತದೆ. ವಿರುಂಗಾದಲ್ಲಿ ಹಣ ತೆಗೆದುಕೊಂಡು ದೂರ ನಿಲ್ಲಿ ಎನ್ನುತ್ತಾರೆ. ಪ್ರಾಣಿಗೆ ಒಳಿತಾದದ್ದು ಎರಡನೆಯ ಕಡೆಯೇ.

ನಿಜವಾದ ಸ್ವಯಂಸೇವೆಯೂ ಹೀಗೇ, ಫೋಟೋಕ್ಕೆ ಚೆಂದ ಕಾಣುವಂಥದ್ದಲ್ಲ. ಕಳ್ಳಬೇಟೆಯ ಉರುಳು ಹುಡುಕಿ ತೆಗೆಯುವುದು, ಕಳೆ ಗಿಡ ಕೀಳುವುದು, ಕ್ಯಾಮೆರಾ ಟ್ರ್ಯಾಪ್‌ನ ಸಾವಿರಾರು ಚಿತ್ರಗಳನ್ನು ಕೂತು ವಿಂಗಡಿಸುವುದು, ಬೋನು ತೊಳೆಯುವುದು.

ಫೋಟೋ ಹಂಚಿದರೆ ಏನು ಕೆಡುಕು?

ನಾನು ಓದಿದ್ದು ಸಂವಹನ ವಿಷಯ, ಹಾಗಾಗಿ ಇದನ್ನು ಬಿಡುವಂತಿಲ್ಲ. ಮನುಷ್ಯರ ಪಕ್ಕದಲ್ಲಿ ನಿಂತ ಚಿಂಪಾಂಜಿಯ ಚಿತ್ರ ನೋಡಿದವರು, ಒಂಟಿ ಚಿಂಪಾಂಜಿಯ ಚಿತ್ರ ನೋಡಿದವರಿಗಿಂತ ಹೆಚ್ಚಾಗಿ "ಕಾಡಿನಲ್ಲಿ ಇವುಗಳ ಸಂಖ್ಯೆ ಚೆನ್ನಾಗಿದೆ" ಎಂದು ಭಾವಿಸಿದರು ಎಂದು 2011ರಲ್ಲಿ 'ಪ್ಲಾಸ್ ಒನ್' ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು. ಅಡಿಬರಹದಲ್ಲಿ "ಸಂರಕ್ಷಣೆ" ಎಂದು ಬರೆದರೂ ಮನಸ್ಸಿನಲ್ಲಿ ಉಳಿಯುವುದು ಚಿತ್ರವೇ.

ಇನ್ನೊಂದು ಉದಾಹರಣೆ, ಕಚಗುಳಿ ಇಟ್ಟಾಗ ಎರಡೂ ಕೈ ಮೇಲೆತ್ತುವ ಸ್ಲೋ ಲೋರಿಸ್‌ನ ವಿಡಿಯೊ. ನಮ್ಮ ಕಾಡುಪಾಪದ ದೂರದ ನೆಂಟ ಅದು. ಕೋಟ್ಯಂತರ ಜನ ನೋಡಿ ನಕ್ಕರು. ಆದರೆ ಅದು ಖುಷಿಯಿಂದ ಕೈ ಎತ್ತಿದ್ದಲ್ಲ. ಅದರ ತೋಳಿನಲ್ಲಿ ವಿಷ ಗ್ರಂಥಿ ಇದೆ. ಹೆದರಿದಾಗ ಆತ್ಮರಕ್ಷಣೆಗೆ ಹಾಗೆ ಕೈ ಎತ್ತುತ್ತದೆ. ಇಂಥ ವಿಡಿಯೊಗಳು ಅದನ್ನು ಸಾಕುಪ್ರಾಣಿಯಾಗಿ ಕೊಳ್ಳುವ ಆಸೆ ಹುಟ್ಟಿಸುತ್ತವೆ ಎಂಬ ಕಾರಣಕ್ಕೂ ತಜ್ಞರು ಅವನ್ನು ಹಂಚಬೇಡಿ ಎನ್ನುತ್ತಾರೆ.

ಫಾರ್ವರ್ಡ್ ಹೇಳದ ಇನ್ನು ಕೆಲವು ವಿಷಯ

ವೀಸಾ: ಸಂಬಳ ಇಲ್ಲದಿದ್ದರೂ ಸ್ವಯಂಸೇವೆಯನ್ನು ಹಲವು ದೇಶಗಳು ಕೆಲಸ ಎಂದೇ ನೋಡುತ್ತವೆ. ಉದಾಹರಣೆಗೆ ನೇಪಾಳದಲ್ಲಿ ವಿದೇಶಿಯರು ಪ್ರವಾಸಿ ವೀಸಾದಲ್ಲಿ ಸ್ವಯಂಸೇವೆ ಮಾಡುವಂತಿಲ್ಲ. "ಟೂರಿಸ್ಟ್ ವೀಸಾ ಸಾಕು, ಯಾರಾದರೂ ಕೇಳಿದರೆ ಸುತ್ತಾಡಲು ಬಂದೆ ಎನ್ನಿ" ಎಂದು ಏಜೆಂಟ್ ಹೇಳಿಕೊಟ್ಟರೆ ಅಲ್ಲಿಗೇ ಮಾತು ನಿಲ್ಲಿಸಿ.

ಲಸಿಕೆ: ಉಗಾಂಡಾದಂಥ ದೇಶಗಳಿಗೆ ಹೋಗಲು ಹಳದಿ ಜ್ವರದ ಲಸಿಕೆ ಬೇಕು. ಹೊರಡುವ ಕನಿಷ್ಠ 10 ದಿನ ಮೊದಲೇ ಮಾನ್ಯತೆ ಪಡೆದ ಕೇಂದ್ರದಲ್ಲಿ ಹಾಕಿಸಿಕೊಳ್ಳಬೇಕು. ಸರ್ಟಿಫಿಕೇಟ್ ಇಲ್ಲದೆ ಅಂಥ ದೇಶದಿಂದ ವಾಪಸ್ ಬಂದರೆ ಭಾರತದ ವಿಮಾನ ನಿಲ್ದಾಣದಲ್ಲೇ ತಡೆದು ಕ್ವಾರಂಟೈನ್‌ಗೆ ಕಳಿಸಬಹುದು. ಪ್ರಾಣಿಗಳ ನಡುವೆ ಕೆಲಸ ಎಂದರೆ ರೇಬಿಸ್ ಲಸಿಕೆಯ ಬಗ್ಗೆಯೂ ವೈದ್ಯರನ್ನು ಕೇಳಿ. ಕಚ್ಚಿದರೆ, ಪರಚಿದರೆ ತಕ್ಷಣ ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು.

ಹಣ: "ಸೀಟು ಕೆಲವೇ ಇವೆ, ಇವತ್ತೇ ರಿಜಿಸ್ಟ್ರೇಶನ್ ಫೀಸ್ ಕಟ್ಟಿ, ಪಾಸ್‌ಪೋರ್ಟ್ ಫೋಟೋ ಕಳಿಸಿ" ಎಂಬುದು ವಂಚಕರ ಹಳೆಯ ಮಾತು. ಹಣ ಕಳೆದುಕೊಂಡರೆ ತಡ ಮಾಡದೆ 1930ಕ್ಕೆ ಕರೆ ಮಾಡಿ ದೂರು ಕೊಡಿ.

ಹೋಗುವ ಮೊದಲು, ಹಂಚುವ ಮೊದಲು ಐದು ಪ್ರಶ್ನೆ

1. ಕಾಡುಪ್ರಾಣಿಯನ್ನು ಮುಟ್ಟಲು, ಎತ್ತಿಕೊಳ್ಳಲು, ಜೊತೆ ನಡೆಯಲು ಬಿಡುತ್ತಾರೆಯೇ? ಹೌದಾದರೆ ಬೇಡ.

2. ಅಲ್ಲಿ ಪ್ರಾಣಿಗಳು ಮರಿ ಹಾಕುತ್ತವೆಯೇ? ನಿಜವಾದ ಆಶ್ರಯಧಾಮ ಹೊಸ ಮರಿಗಳನ್ನು ಹುಟ್ಟಿಸುವುದಿಲ್ಲ.

3. ಹೋದ ವರ್ಷದ ಮರಿಗಳು ಈಗ ಎಲ್ಲಿವೆ? ಸ್ಥಳದ ಹೆಸರು, ದಾಖಲೆ ಸಮೇತ ಉತ್ತರ ಕೇಳಿ.

4. ನಾನು ಮಾಡುವ ಕೆಲಸವನ್ನು ಸ್ಥಳೀಯರೊಬ್ಬರು ಸಂಬಳಕ್ಕೆ ಮಾಡಬಹುದಲ್ಲವೇ? ನನ್ನ ಹಣದಲ್ಲಿ ಅವರಿಗೆ ಎಷ್ಟು ಹೋಗುತ್ತದೆ?

5. ಫೋಟೋ ತೆಗೆಯುವಂತಿಲ್ಲ ಎಂದರೂ ನಾನು ಹೋಗುತ್ತೇನೆಯೇ? ಇದು ಮಾತ್ರ ನಮಗೆ ನಾವೇ ಕೇಳಿಕೊಳ್ಳಬೇಕಾದದ್ದು.

ನನ್ನ ತಂಗಿ ಮೂರನೇ ಪ್ರಶ್ನೆಯನ್ನು ಆ ಸಂದೇಶದಲ್ಲಿದ್ದ ನಂಬರಿಗೆ ಕಳಿಸಿದಳು. ಉತ್ತರವಾಗಿ ಇನ್ನೂ ನಾಲ್ಕು ಮುದ್ದಾದ ಮರಿಗಳ ಫೋಟೋ ಬಂದವು, ಜೊತೆಗೆ ಹಣ ಕಟ್ಟುವ ಲಿಂಕ್. ಹೋದ ವರ್ಷದ ಮರಿಗಳ ಸುದ್ದಿಯೇ ಇಲ್ಲ. ಅವಳು ಹಣ ಕಟ್ಟಲಿಲ್ಲ. ಗುಂಪಿಗೆ ಹಾಕಿದ್ದ ಸಂದೇಶ ಅಳಿಸುವ ಬದಲು ಅದರ ಕೆಳಗೇ ಒಂದು ಸಾಲು ಬರೆದಳು: "ಇದರ ಅಮ್ಮ ಎಲ್ಲಿ ಅಂತ ಕೇಳಿ, ಆಮೇಲೆ ಶೇರ್ ಮಾಡಿ."

ಸ್ವಯಂಸೇವೆಯ ಆಸೆ ಅವಳಲ್ಲಿ ಇನ್ನೂ ಇದೆ, ಇರಲಿ. ನಮ್ಮ ಅರಣ್ಯ ಇಲಾಖೆಯೂ ಗಣತಿಯ ಸಮಯದಲ್ಲಿ ಸ್ವಯಂಸೇವಕರನ್ನು ಕರೆಯುವುದುಂಟು. ಅಲ್ಲಿ ದಿನವಿಡೀ ನಡೆದರೂ ಕಾಣಸಿಗುವುದು ಬಹುಶಃ ಹೆಜ್ಜೆಗುರುತು, ಲದ್ದಿ ಅಷ್ಟೇ. ಆದರೆ ಆ ಹೆಜ್ಜೆಯ ಪ್ರಾಣಿ ತನ್ನ ಕಾಡಿನಲ್ಲಿ, ತನ್ನ ಪಾಡಿಗೆ ತಾನು ಇರುತ್ತದೆ.