ಸೀಮಂತಕ್ಕೆ ಮುಂಚಿನ ಊಟ

ಸೊಸೆ ಬಸುರಿಯಾದಳೆಂದರೆ ಸೀಮಂತ ಮಾಡಿ, ಹೋಳಿಗೆ ತುಪ್ಪ ಬಡಿಸಿ, ‘ಎರಡು ಜೀವದವಳು, ಚೆನ್ನಾಗಿ ತಿನ್ನಮ್ಮ’ ಎಂದು ಉಪಚರಿಸುವ ವಾಡಿಕೆಯನ್ನು ಮುಂಬಯಿಗೆ ಬಂದ ನಮ್ಮವರೂ ಬಿಟ್ಟಿಲ್ಲ. ಸಂತೋಷವೇ ಸರಿ. ಆದರೆ ಮಗುವಿನ ಮೈಯಲ್ಲಿ ಮಾಂಸವೆಷ್ಟು, ಕೊಬ್ಬೆಷ್ಟು ಎಂಬ ಲೆಕ್ಕವು ತಾಯಿಯು ಗರ್ಭ ಧರಿಸುವ ಮೊದಲಿನ ತೂಕದಿಂದಲೇ ಆರಂಭವಾಗುತ್ತದೆಂಬುದನ್ನು ನಾವು ಅರಿತಿರುವುದು ಕಡಿಮೆ.

ಸಾಕ್ಷಿ ದೂರವಿಲ್ಲ. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕರು 1993ರಲ್ಲಿ ಆ ನಗರದ ಸಮೀಪದ ಆರು ಹಳ್ಳಿಗಳ ಸ್ತ್ರೀಯರನ್ನು ಪರೀಕ್ಷಿಸತೊಡಗಿದರು. ಬಸುರಿಗೆ ಮುನ್ನ ಅವರ ತೂಕ ಸರಾಸರಿ ಸುಮಾರು 42 ಕಿಲೋ. ಅವರ ಕೂಸುಗಳು 2.7 ಕಿಲೋ ತೂಗಿದರೆ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಕೂಸುಗಳು 3.5 ಕಿಲೋ ತೂಗಿದುವು. ಆಶ್ಚರ್ಯವೆಂದರೆ, ನಮ್ಮ ಬಡಕಲು ಕೂಸಿನಲ್ಲಿ ಮಾಂಸ ಕುಗ್ಗಿದ್ದರೂ ಬೆನ್ನಿನ ಚರ್ಮದಡಿಯ ಕೊಬ್ಬು ಅಷ್ಟಾಗಿ ಕುಗ್ಗಿರಲಿಲ್ಲ! ಇಂತಹ ಮಗು ಮುಂದೆ ಸಕ್ಕರೆ ಕಾಯಿಲೆಗೆ ಸುಲಭವಾಗಿ ತುತ್ತಾಗಬಹುದು.

ಅತಿಯಾದ ತೂಕವೂ ಕ್ಷೇಮವಲ್ಲ. ಸ್ಥೂಲಕಾಯದ ತಾಯಿಯ ರಕ್ತದಲ್ಲಿ ಸಕ್ಕರೆ ಏರುವ ಸಂಭವ ಹೆಚ್ಚು. ಅದು ಗರ್ಭಕ್ಕೆ ಹರಿದು, ಶಿಶುವಿನ ಇನ್ಸುಲಿನ್ನನ್ನು ಹೆಚ್ಚಿಸಿ, ಕೊಬ್ಬಾಗಿ ಕೂಡುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ ಪರೀಕ್ಷಿಸಲ್ಪಟ್ಟ ಗರ್ಭಿಣಿಯರ ಪೈಕಿ ಸಕ್ಕರೆ ಕಾಯಿಲೆ ಕಂಡವರ ಹೆಣ್ಣುಮಕ್ಕಳು ಐದು ವರ್ಷಕ್ಕೇ ಹೆಚ್ಚು ಕೊಬ್ಬು ತಳೆದಿದ್ದರು. ರಕ್ತಸಂಬಂಧವೂ ಮನೆಯ ಅಡಿಗೆಯೂ ಇದರಲ್ಲಿ ಪಾಲುದಾರರೇ. ತಾಯೊಬ್ಬಳನ್ನೇ ದೂರುವುದು ಅನ್ಯಾಯ.

2006ರಲ್ಲಿ ಮುಂಬಯಿಯ ಝೋಪಡಪಟ್ಟಿಗಳಲ್ಲಿ ಆರಂಭವಾದ ಪ್ರಯೋಗವು ಹೋಟೆಲಿನವರಾದ ನಮಗೆ ವಿಶೇಷ ಮೆಚ್ಚಿಗೆಯಾಯಿತು. ಮದುವೆಯಾದ ಹೆಂಗಸರಿಗೆ ಗರ್ಭಕ್ಕೆ ಮುಂಚಿನಿಂದಲೇ ಸೊಪ್ಪು, ಹಣ್ಣು, ಹಾಲು ಸೇರಿಸಿದ ತಿಂಡಿಯನ್ನು ದಿನವೂ ಕೊಟ್ಟರು. ಗರ್ಭಕಾಲದ ಸಕ್ಕರೆ ಕಾಯಿಲೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಮೂರು ತಿಂಗಳಾದರೂ ಮೊದಲೇ ತಿನ್ನತೊಡಗಿದವರ ಕೂಸುಗಳು ಸರಾಸರಿ 48 ಗ್ರಾಂ ಹೆಚ್ಚು ತೂಗಿದುವು. ಅತಿ ಸಣಕಲು ಸ್ತ್ರೀಯರಲ್ಲಿ ಮಾತ್ರ ಆ ಲಾಭ ಕಾಣಲಿಲ್ಲ. ಹತ್ತಿಪ್ಪತ್ತು ವರ್ಷದ ಅರೆಹೊಟ್ಟೆಯನ್ನು ಒಂದು ತಿಂಡಿ ತುಂಬೀತೆ?

ಗಲ್ಲೆಯ ಮೇಲೆ ಕುಳಿತ ದಿನಗಳಲ್ಲಿ ನಾವು ನೂರಾರು ಗಿರಾಕಿಗಳ ಹಸಿವನ್ನು ವಿಚಾರಿಸಿದ್ದೇವೆ. ಮನೆಯ ಹೆಂಗಸರು ಎಷ್ಟು ಹೊತ್ತಿಗೆ, ಏನು ಉಂಡರೆಂದು ಕೇಳಿದವರಲ್ಲ. ಎಲ್ಲರೂ ಎದ್ದ ಮೇಲೆ ತಳ ಕಂಡ ಪಾತ್ರೆಯ ಮುಂದೆ ಕೂರುವ ಹುಡುಗಿಗೆ ಏಳನೆಯ ತಿಂಗಳಲ್ಲಿ ಹೋಳಿಗೆ ಬಡಿಸಿದರೆ ಬಾಕಿ ತೀರುವುದಿಲ್ಲ. ನಮ್ಮ ಸಂಘಗಳ ವೈದ್ಯಕೀಯ ಶಿಬಿರಗಳಲ್ಲಿ ಮದುವೆಯ ವಯಸ್ಸಿನ ಹೆಣ್ಣುಮಕ್ಕಳ ತೂಕವನ್ನೂ ರಕ್ತವನ್ನೂ ಪರೀಕ್ಷಿಸುವ ಏರ್ಪಾಡು ಈ ವರ್ಷವೇ ಆಗಲಿ. ತೂಕದ ಯಂತ್ರಕ್ಕೆ ಬೀಳುವ ಖರ್ಚು ವಾರ್ಷಿಕೋತ್ಸವದ ಹಾರ ತುರಾಯಿಗಿಂತ ಹೆಚ್ಚೇನಲ್ಲ.